ಹಿಂಗೋಡೆಯ ಸ್ಪೀಕರ್‌ಗಳು

ನವೆಂಬರ್ ೧೪, ಗುರುವಾರ. ಕೋಬೆ.

ನಮ್ಮ ಹಳೆಯ ಗಿರಾಕಿ ಕುರಾಮೊಚಿ ಸಾನ್ ಅರ್ಧ ಕಾಫಿ ಬಿಟ್ಟು ಎದ್ದುಹೋದರು. ಇನ್ನು ಬರುತ್ತಾರೋ ಇಲ್ಲವೋ.

ನಮ್ಮ ಕಾಫಿ ಅಂಗಡಿಗೆ ಜನ ಬರುವುದೇ ರೆಕಾರ್ಡ್ ಕೇಳಲು. ಅದು ಮುಗಿಯುವವರೆಗೆ ಯಾರೂ ಪಿಸುಗುಡುವಂತಿಲ್ಲ. ಎಲ್ಲರೂ ಎದುರಿನ ಎರಡು ಸ್ಪೀಕರ್‌ಗಳಿಗೆ ಮುಖಮಾಡಿ ಕೂರುತ್ತಾರೆ. ಇಂದು ನಾನು ಹಿಂಗೋಡೆಗೂ ಎರಡು ಹಳೆಯ ಸ್ಪೀಕರ್ ಹಾಕಿದೆ. ಪಿಯಾನೊ ಶುರುವಾದದ್ದೇ ತಡ, ಕುರಾಮೊಚಿ ಸಾನ್ ಹಿಂತಿರುಗಿ, ತುಟಿಗೆ ಬೆರಳಿಟ್ಟು "ಶ್!" ಎಂದರು. ಅಲ್ಲಿ ಜನರೇ ಇರಲಿಲ್ಲ, ಗೋಡೆ ಮತ್ತು ಸ್ಪೀಕರ್ ಅಷ್ಟೇ. ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ.

"ಏನಮ್ಮಾ ಇದು? ಎರಡು ಸ್ಪೀಕರಿಗೆ ಅಂತ ಮಾಡಿರೋ ರೆಕಾರ್ಡನ್ನ ನಾಲ್ಕು ಕಡೆಯಿಂದ ಸುರೀತೀರಲ್ಲ!" ಎದ್ದುಹೋಗುವಾಗ ಅವರು ಬಾಗಿಲಲ್ಲಿ ಸಿಡುಕಿದರು.

"ನಂಗೆ ಹಿಂಗೇ ಇಷ್ಟ," ಎಂದೆ.

ಸುಳ್ಳು. ನನಗೂ ಎರಡೇ ಇಷ್ಟ. ಆದರೆ ಇಲ್ಲಿ ರೆಕಾರ್ಡ್ ಹಾಕುವ ನನ್ನ ಗಂಡನ ಎಡಗಿವಿ ಬೇಸಿಗೆಯಿಂದ ಕೇಳುತ್ತಿಲ್ಲ. ಅವರು ಹೇಳಿಲ್ಲ, ನಾನು ಕೇಳಿಲ್ಲ. ರೆಕಾರ್ಡ್ ಹಾಕುವವರಿಗೇ ಕಿವಿಯಿಲ್ಲ ಎಂದು ಗಿರಾಕಿಗಳಿಗೆ ಗೊತ್ತಾದರೆ? ಎಡ ಸ್ಪೀಕರಿನ ಪಿಯಾನೊ ಹುಡುಕುತ್ತಾ ಅವರು ಕತ್ತು ಹೊರಳಿಸುವುದನ್ನು ದಿನವೂ ನೋಡುತ್ತೇನೆ. ಅದಕ್ಕೇ ಹಿಂದಿನ ಸ್ಪೀಕರ್‌ಗಳ ಎಡ-ಬಲ ತಂತಿಗಳನ್ನು ಅದಲುಬದಲು ಮಾಡಿದ್ದೆ, ಆ ಪಿಯಾನೊ ಬಲಗಿವಿಗೂ ಸಿಗಲಿ ಎಂದು.

ಇಂದು ಕತ್ತು ಹೊರಳಲಿಲ್ಲ.

ಅಂಗಡಿ ಮುಚ್ಚುವಾಗ ಅವರು ಹಿಂಗೋಡೆಯತ್ತ ನಡೆದರು. ಕಿತ್ತೇ ಹಾಕುತ್ತಾರೆ ಅಂದುಕೊಂಡೆ. ಅವರು ಸ್ಪೀಕರ್ ಮೇಲಿನ ಧೂಳು ಒರೆಸಿದರು.

"ನಿನ್ನ ಅಭಿರುಚಿಗಿಷ್ಟು ಬೆಂಕಿ ಹಾಕ ಕಣೇ," ಎಂದರು. ಆಮೇಲೆ, ನನ್ನತ್ತ ನೋಡದೆ, "ನಾಳೇನೂ ಹಿಂಗೇ ಇರ್ಲಿ. ಕುರಾಮೊಚಿ ಕೇಳಿದ್ರೆ, ಇದು ನನ್ನಿಷ್ಟ ಅಂತ ಹೇಳ್ತೀನಿ."