ತಲೆಕೆಳಗಾಗಿ ನೆಟ್ಟ ಲಿಲ್ಲಿ ಗೆಡ್ಡೆಗಳು

ಏಪ್ರಿಲ್ ೧೧, ಭಾನುವಾರ ಬೆಳಿಗ್ಗೆ

ನನ್ನ ಮನೆಯ ಯಜಮಾನಿಗೆ,

ಹೇಗಿದ್ದೀಯ? ಮಂಡಿ ಹೇಗಿದೆ? ಹೊಲಿಗೆ ಹಾಕಿದ ಜಾಗ ಕೆಂಪಾಗಿಲ್ಲ ತಾನೇ? ಕೆಂಪಾಗಿದ್ದರೆ ನಿನ್ನ ತಂಗಿಗೆ ಹೇಳಿ ಡಾಕ್ಟರಿಗೆ ತೋರಿಸು. ಕೆಂಪಾಗದಿದ್ದರೂ ತೋರಿಸು. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ತಡವಾಯಿತೆಂದು ಬೈಯಬೇಡ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಒಂದು ಸಾಲು ಬರೆಯಲು ಎರಡು ಶರ್ಟು ಇಸ್ತ್ರಿ ಮಾಡುವಷ್ಟು ಹೊತ್ತು ಬೇಕು. ಮೂರು ಸಲ ಬರೆದು ಹರಿದು ಹಾಕಿದೆ, ಇದು ನಾಲ್ಕನೆಯದು.

ನೀನು ಬರೆದದ್ದು ನನಗೆ ಬಾಯಿಪಾಠ ಆಗಿದೆ. “ಆಪರೇಷನ್ ದಿನ ನೀವು ಯಾಕೆ ಬರಲಿಲ್ಲ? ಅಂಗಡೀಲಿ ಕೆಲಸ ಇತ್ತು ಅಂತ ಮತ್ತೆ ಹೇಳಬೇಡಿ. ನಿಜ ಬರೀರಿ. ಆಮೇಲೆ ನಾನು ಮನೆಗೆ ಬರೋ ಮಾತು.” ಬರೆಯುತ್ತೇನೆ ಕಣೇ, ಇದೇ ಕಾಗದದಲ್ಲಿ ಬರೆಯುತ್ತೇನೆ. ಮೊದಲು ನಿನ್ನ ಲಿಲ್ಲಿಯ ಸುದ್ದಿ ಹೇಳಿಬಿಡುತ್ತೇನೆ.

ಹೂವು ಬಿಟ್ಟಿದೆ! ಆದರೆ ಅದಕ್ಕೆ ಮುಂಚೆ ನಡೆದದ್ದನ್ನು ಕೇಳಿದರೆ ನೀನು ಮಂಡಿ ಮರೆತು ನಗುತ್ತೀಯ. ತಂಗಿಯ ಊರಿಗೆ ಹೊರಡುವಾಗ ಹನ್ನೆರಡು ಗೆಡ್ಡೆ ಕೈಗೆ ಕೊಟ್ಟು “ತಲೆ ಮೇಲೆ ಮಾಡಿ ನೆಡಿ” ಎಂದೆಯಲ್ಲ. ತಲೆ ಯಾವುದು ಎಂದು ಕೇಳಲು ನಾಚಿಕೆಯಾಯಿತು. ಒಂದು ಕಡೆ ಚೂಪು, ಇನ್ನೊಂದು ಕಡೆ ಕೂದಲಿನ ಹಾಗೆ ಎಳೆಎಳೆ. ಕೂದಲಿರುವ ಕಡೆಯೇ ತಲೆ ಎಂದು ತೀರ್ಮಾನ ಮಾಡಿ, ಹನ್ನೆರಡಕ್ಕೂ ಬೇರು ಆಕಾಶಕ್ಕೆ ಬರುವ ಹಾಗೆ ನೆಟ್ಟುಬಿಟ್ಟೆ.

ಹದಿನೈದು ದಿನವಾದರೂ ಒಂದು ಮೊಳಕೆಯಿಲ್ಲ. ನನ್ನ ಸ್ವಭಾವ ಗೊತ್ತಲ್ಲ. ಕೊಳೆತುಹೋದವೇನೋ, ಇರುವೆ ತಿಂದವೇನೋ, ನೀರು ಜಾಸ್ತಿಯಾಯಿತೇನೋ, ಕಡಿಮೆಯಾಯಿತೇನೋ. ಹಳೇ ಸೌಟು ಹುಡುಕಿ ತಂದು ಒಂದನ್ನು ಅಗೆದು, ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಮುಚ್ಚಿದೆ. ಮಾರನೆಯ ದಿನ ಇನ್ನೊಂದು. ಆಮೇಲೆ ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಸರದಿಯ ಮೇಲೆ ಒಂದೊಂದನ್ನು ಎಬ್ಬಿಸಿ ಮಾತಾಡಿಸದೆ ಸಮಾಧಾನವೇ ಆಗುತ್ತಿರಲಿಲ್ಲ. ಒಂದು ದಿನ ಗೋಡೆಯಾಚೆಯ ಟೀಚರಮ್ಮ ನೋಡಿಬಿಟ್ಟರು.

“ಏನ್ರೀ ಅದು, ಗೆಡ್ಡೆ ನೆಟ್ಟಿದ್ದೀರೋ ಬಚ್ಚಿಟ್ಟಿದ್ದೀರೋ?”

“ಜೀವ ಇದೆಯಾ ಅಂತ ನೋಡ್ತಿದ್ದೆ ಟೀಚರಮ್ಮ.”

“ದಿನಾ ಬೆಳಿಗ್ಗೆ ನಿಮ್ಮ ಹೊದಿಕೆ ಎಳೆದು ಯಾರಾದ್ರೂ ಹೊಟ್ಟೆ ಒತ್ತಿ ನೋಡಿದ್ರೆ ನೀವು ಉದ್ಧಾರ ಆಗ್ತೀರಾ?” ಎನ್ನುತ್ತಾ ಗೇಟು ತೆಗೆದು ಒಳಗೇ ಬಂದರು. ಗುಂಡಿಯಲ್ಲಿ ಬಗ್ಗಿ ನೋಡಿದವರು ಗೋಡೆ ಹಿಡಿದುಕೊಂಡು ನಗಲು ಶುರು ಮಾಡಿದರು. “ಅಯ್ಯೋ, ಇದರ ಕಾಲು ಮೇಲಿದೆಯಲ್ರೀ! ಪಾಪ, ಏನು ತಪ್ಪು ಮಾಡಿತ್ತು ಅಂತ ಈ ಶಿಕ್ಷೆ?”

ಈಗಲೇ ಎಲ್ಲ ತಿರುಗಿಸಿ ನೆಡುತ್ತೇನೆ ಎಂದೆ. “ಏನೂ ಬೇಡ. ಮೇಲೆ ಬರೋ ದಾರಿ ಅವಕ್ಕೇ ಗೊತ್ತು. ನಿಮ್ಮ ಕೈಯಿಂದ ತಪ್ಪಿಸಿಕೊಂಡ್ರೆ ಸಾಕು” ಎಂದು ಸೌಟನ್ನು ಜಪ್ತಿ ಮಾಡಿಕೊಂಡು ಹೋದರು. ಇನ್ನೂ ಕೊಟ್ಟಿಲ್ಲ.

ಅವರು ಹೇಳಿದ್ದು ನಿಜವಾಯಿತು ಕಣೇ. ಕೆಳಮುಖವಾಗಿ ಹೊರಟ ಮೊಳಕೆ ಮಣ್ಣಿನೊಳಗೇ ಸುತ್ತು ಹಾಕಿ, ಬಾಗಿ, ಬೆಳಕು ಹುಡುಕಿಕೊಂಡು ಬಂತು. ಹನ್ನೆರಡರಲ್ಲಿ ಒಂಬತ್ತು. ಉಳಿದ ಮೂರು ನನ್ನ ಕಾಟಕ್ಕೇ ಹೋದವು ಎಂದು ಕಾಣುತ್ತದೆ, ಕ್ಷಮಿಸು.

ಈಗ ನೋಡಬೇಕು ನೀನು. ಬಾಗಿಲು ತೆಗೆದರೆ ಬೆಳ್ಳಗೆ ಆರು ಹೂವು ಸೊಂಟದೆತ್ತರಕ್ಕೆ ನಿಂತಿವೆ. ಗಂಜಿ ಹಾಕಿದ ಬಟ್ಟೆಯ ಬಿಗಿ, ಆದರೆ ಮುಟ್ಟಿದರೆ ಮಗುವಿನ ಕಿವಿಯಷ್ಟು ಮೆತ್ತಗೆ. ಒಂದೊಂದು ಎಸಳಿನ ನಡುವೆ ಉದ್ದಕ್ಕೂ ಒಂದು ಗೆರೆ, ತುದಿ ಮಾತ್ರ ಕಾಲರಿನ ಹಾಗೆ ಹಿಂದಕ್ಕೆ ಮಡಚಿದೆ. ಮೂವತ್ತು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದೇನೆ, ಅಂಥ ಮಡಿಕೆ ನನ್ನ ಕೈಯಲ್ಲಿ ಒಂದು ದಿನವೂ ಬಿದ್ದಿಲ್ಲ. ಗೋಡೆಯ ಪಕ್ಕದ ಮೂರು ಕಿತ್ತಳೆ ಬಣ್ಣದವು. ಮೈತುಂಬಾ ಕಂದು ಚುಕ್ಕಿ, ಕೆಂಡದ ಪೆಟ್ಟಿಗೆಯಿಂದ ಕಿಡಿ ಹಾರಿದ ಹಾಗೆ. ಮೊದಲ ದಿನ ರೋಗವೆಂದು ಗಾಬರಿಯಾಗಿ ಟೀಚರಮ್ಮನನ್ನು ಕೂಗಿದೆ. “ಅದರ ಚಂದವೇ ಅದು, ಸುಮ್ನಿರ್ರೀ” ಎಂದರು. ಸಂಜೆಯಾದರೆ ಬಿಳಿಯದರ ಪರಿಮಳ ಬೀದಿಗೆ ಹೋಗುತ್ತದೆ. ಹೋಗುವವರೆಲ್ಲ ಗೇಟಿನ ಹತ್ತಿರ ನಡಿಗೆ ನಿಧಾನ ಮಾಡುತ್ತಾರೆ.

ಮೊನ್ನೆ ನಮ್ಮ ಗಿರಾಕಿ ವಕೀಲರು ಬೆಳ್ಳನೆಯ ಶರ್ಟು ತೊಟ್ಟು ಬಂದವರು ಬಗ್ಗಿ ಮೂಸಿ ನೋಡಿದರು. ಹೂವಿನೊಳಗಿನ ಕಡ್ಡಿಗಳ ತುದಿಯಲ್ಲಿ ತುಕ್ಕಿನ ಬಣ್ಣದ ಪುಡಿ ಇರುತ್ತದಲ್ಲ, ಮೂಗಿಗೂ ಎದೆಗೂ ಮೆತ್ತಿಕೊಂಡಿತು. ಉಜ್ಜಲು ಕೈ ಎತ್ತಿದರು. “ಮುಟ್ಟಬೇಡಿ!” ಎಂದು ನಾನು ಕಿರುಚಿದ ರಭಸಕ್ಕೆ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟರು. ಉಜ್ಜಿದರೆ, ನೀರು ಸೋಕಿದರೆ ಆ ಕಲೆ ಬಟ್ಟೆ ಹರಿಯುವವರೆಗೂ ಬಿಡುವುದಿಲ್ಲ. ಅಂಟು ಟೇಪು ಒತ್ತಿ ಒತ್ತಿ ಪುಡಿ ಎತ್ತಿದೆ. ಉಳಿದ ಮಸುಕು ಕಲೆ ಹೋಗಲೆಂದು ಶರ್ಟು ಬಿಸಿಲಿಗೆ ಹಾಕಿ, ಅವರನ್ನು ನನ್ನ ಟವೆಲು ಹೊದಿಸಿ ಜಗಲಿಯಲ್ಲಿ ಕೂರಿಸಿದೆ. “ಕೋರ್ಟಲ್ಲಿ ಜಡ್ಜು ಕೂಡ ನನ್ನ ಹೀಗೆ ಗದರಿಸಿಲ್ಲ ಕಣಯ್ಯ” ಎಂದರು. ಕಲೆ ಹೋಯಿತು. ಅಂದಿನಿಂದ ಹೂವು ಬಿರಿದ ಕೂಡಲೇ ಸಣ್ಣ ಕತ್ತರಿಯಿಂದ ಆ ತುದಿಗಳನ್ನು ತೆಗೆದುಬಿಡುತ್ತೇನೆ. “ಹೂವಿಗೂ ಕ್ಷೌರ ಶುರುವಾಯ್ತಾ?” ಎಂದು ಟೀಚರಮ್ಮ ಆಡಿಕೊಂಡರು.

ಇನ್ನೂ ಐದು ಮೊಗ್ಗಿವೆ. ನಾದಿನಿಯ ಮಕ್ಕಳಿಗೆ ನನ್ನ ಆಶೀರ್ವಾದ, ಅವರ ಅಜ್ಜಿಗೆ ನಮಸ್ಕಾರ ತಿಳಿಸು. ನಿನ್ನ ಮಂಡಿ ಗಟ್ಟಿಯಾಗಲಿ, ಹಿಡಿಗೋಲಿಲ್ಲದೆ ಮನೆ ತುಂಬಾ ಓಡಾಡುವ ಹಾಗೆ ದೇವರು ಮಾಡಲಿ.

ನಿನ್ನ
ಗಾಬರಿರಾಯ

ವಿ.ಸೂ. — ಆ ದಿನ ನಾನು ಆಸ್ಪತ್ರೆಗೆ ಬಂದಿದ್ದೆ. ನಿನ್ನನ್ನು ಆಗಲೇ ಒಳಗೆ ಕರೆದುಕೊಂಡು ಹೋಗಿದ್ದರು, ನಾದಿನಿ ಔಷಧಿ ತರಲು ಹೋಗಿದ್ದಳು. ಕೌಂಟರಿನ ಹುಡುಗಿ “ನೀವೇ ಮನೆಯವರಾ? ಓದಿ ಸೈನ್ ಮಾಡಿ” ಎಂದು ನಾಲ್ಕು ಹಾಳೆ ಕೊಟ್ಟಳು. ಅಷ್ಟು ಒತ್ತಕ್ಷರ ನಾನು ಒಟ್ಟಿಗೆ ಯಾವತ್ತೂ ನೋಡಿರಲಿಲ್ಲ. ಬೆರಳಿಟ್ಟು ಓದಿದೆ. ಇಡೀ ಹಾಳೆಯಲ್ಲಿ ತಡವರಿಸದೆ ಓದಲು ಬಂದದ್ದು ಒಂದೇ ಮಾತು, ಮರಣ. ಅದರ ಹಿಂದೆ ಮುಂದೆ ಏನು ಬರೆದಿತ್ತೋ ತಿಳಿಯಲಿಲ್ಲ. ಹಿಂದೆ ಜನ ನಿಂತಿದ್ದರು, ಓದಿ ಹೇಳಮ್ಮ ಎನ್ನಲು ಬಾಯಿ ಬರಲಿಲ್ಲ. ಸೈನ್ ಮಾಡಿದರೆ ನಿನ್ನನ್ನು ನಾನೇ ಬರೆದುಕೊಟ್ಟ ಹಾಗೆ ಅನ್ನಿಸಿತು. ನೀರು ಕುಡಿದು ಬರ್ತೀನಿ ಎಂದು ಹೊರಗೆ ಬಂದವನು ಎದುರಿನ ಬಸ್ ನಿಲ್ದಾಣದಲ್ಲಿ ಕೂತುಬಿಟ್ಟೆ. ನಾದಿನಿ ಫೋನ್ ಮಾಡಿ “ಎಲ್ಲಿದ್ದೀರಿ ಭಾವ? ನಾನೇ ಸೈನ್ ಹಾಕ್ದೆ” ಎಂದಾಗ ಅಂಗಡಿಯಲ್ಲಿದ್ದೇನೆ ಎಂದೆ. ನೀನು ಕಣ್ಣು ಬಿಟ್ಟೆ ಎಂದು ಅವಳು ಮತ್ತೆ ಫೋನ್ ಮಾಡಿ ಹೇಳುವವರೆಗೂ ಆ ಬೆಂಚಿನಿಂದ ಏಳಲಿಲ್ಲ. ಒಳಗೆ ಬರುವ ಮುಖವೂ ಇರಲಿಲ್ಲ.

ಮುಂದಿನ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಈ ಸಲ ನೀರು ಕುಡಿಯಲೂ ಏಳುವುದಿಲ್ಲ.