ಗೌಹರಬೇಗಂ ಹೇಳಿದ ದರ

ಯಾದಗಿರಿ
9 ಏಪ್ರಿಲ್ 2026

ಪ್ರೀತಿಯ ತಸ್ಲೀಮಾ,

ನಿನ್ನ ಪತ್ರ ರಂಜಾನಿನ ಎರಡನೆಯ ವಾರವೇ ಕೈಸೇರಿತ್ತು. ಹಬ್ಬ ಮುಗಿದು, ನೀನು ಕಳಿಸಿದ ಶಾವಿಗೆಯೂ ಮುಗಿದು, ಡಬ್ಬಿ ತೊಳೆದಿಟ್ಟು ಈಗ ಉತ್ತರ ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಬೈದುಕೋ. ಫೋನ್ ಮಾಡಬಹುದಿತ್ತು, ಆದರೆ ಈ ಸುದ್ದಿಯನ್ನು ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಹೇಳುವುದನ್ನು ಅರ್ಧಕ್ಕೆ ಬಿಟ್ಟು ಜಗಳಕ್ಕೆ ನಿಲ್ಲುತ್ತೇನೆ. ಶಹಾಪುರದ ಹೈಸ್ಕೂಲಿನ ಬೆಂಚಿನಿಂದಲೂ ನಮ್ಮದು ಇದೇ ಕಥೆ. ಇಲ್ಲಿ ನಾವೆಲ್ಲ ಆರಾಮ. ಬಿಸಿಲು ಮಾತ್ರ ತಲೆಯ ಮೇಲೆ ಕೂತಿದೆ.

ನೀನು ಕೇಳಿದ್ದು ಒಂದೇ ಕೆಲಸ. ನಿನ್ನ ಅಮ್ಮಿಗೆ ಹೇಳಿ ಶಹಾಪುರದ ಹೊಲಿಗೆ ಅಂಗಡಿ ಮುಚ್ಚಿಸು, ಅವಳು ಹುಣಸಗಿಯಲ್ಲಿ ನಿನ್ನ ಹತ್ತಿರ ಬಂದಿರಲಿ ಅಂತ. ವಯಸ್ಸು ಅರವತ್ಮೂರು, ಮೊಣಕಾಲು ನೋವು, ಸೂಜಿಗೆ ದಾರ ಪೋಣಿಸಲೂ ಸೊಸೆ ನುಜ್ಹತಳನ್ನು ಕರೆಯಬೇಕು. ಇಷ್ಟೆಲ್ಲ ಒದ್ದಾಡಿ ಸೀರೆ ಮೇಲಿನ ಒಂದು ಲೈನಿಂಗ್ ಜಂಪರಿಗೆ ತೆಗೆದುಕೊಳ್ಳುವುದು ನೂರೈವತ್ತು ರೂಪಾಯಿ. ದಾರಕ್ಕೂ ಕರೆಂಟಿಗೂ ಸಾಲದ ಧರ್ಮದ ಕೆಲಸ ಯಾರಿಗೆ ಬೇಕು ಅಂತ ಬರೆದಿದ್ದೀ. ಮಶಿನ್ನುಗಳಿಗೆ ಹುಣಸಗಿಯಲ್ಲೇ ಗಿರಾಕಿ ಗೊತ್ತುಮಾಡಿದ್ದೀ, ಮೇ ಮೊದಲ ವಾರ ಬಂದು ಒಯ್ಯುತ್ತಾರಂತೆ. ನನ್ನ ಮಾತನ್ನು ಅಮ್ಮಿ ತೆಗೆದುಹಾಕುವುದಿಲ್ಲ ಅನ್ನುವ ಧೈರ್ಯ ನಿನಗೆ. ಆ ನೂರೈವತ್ತರ ಮಾತನ್ನು ನಿನಗೆ ಹೇಳಿದವಳು ನಾನೇ ಅನ್ನುವುದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನನ್ನ ನೌಕರಿ ನಿನಗೆ ಗೊತ್ತಿರುವುದೇ. ತಿಂಗಳಿಗೊಮ್ಮೆ ಶಹಾಪುರದ ಬಜಾರಿಗೆ ಹೋಗಿ ಗೊತ್ತುಮಾಡಿದ ಅಂಗಡಿಗಳಲ್ಲಿ ಗೊತ್ತುಮಾಡಿದ ಸಾಮಾನಿನ ದರ ಕೇಳಿ ಬರೆದುಕೊಳ್ಳುವುದು. ಅದೇ ಅಂಗಡಿ, ಅದೇ ಸಾಮಾನು, ಅದೇ ತೂಕ. ಊರೂರಿನಿಂದ ಹೋಗುವ ಇಂಥ ದರಗಳನ್ನೆಲ್ಲ ಕೂಡಿಸಿ, ದೇಶದಲ್ಲಿ ಬೆಲೆ ಎಷ್ಟು ಏರಿತು ಅಂತ ದಿಲ್ಲಿಯಲ್ಲಿ ಹೇಳುತ್ತಾರೆ. ಟಿವಿಯಲ್ಲಿ ಆ ಅಂಕಿ ಬಂದಾಗಲೆಲ್ಲ ನಾನು ಮನೆಯವರಿಗೆ, ಅದರೊಳಗೆ ನನ್ನ ಬದನೆಕಾಯಿಯೂ ಇದೆ ನೋಡಿ ಅನ್ನುತ್ತೇನೆ. ಕಿರಾಣಿ ನಾಗಣ್ಣ ಹೋದ ತಿಂಗಳ ತೊಗರಿಬೇಳೆ ಬಿಟ್ಟು ಬೇರೆ ಬೇಳೆಯ ದರ ಹೇಳಿದರೆ, ನಾಲ್ಕು ಬೇಳೆ ಅಂಗೈಮೇಲೆ ಹಾಕಿಕೊಂಡು ಅಲ್ಲೇ ಹಿಡಿದುಬಿಡುತ್ತೇನೆ. ಬಸವೇಶ್ವರಿ ಬರೆದ ದರವನ್ನು ಮರಳಿ ನೋಡಬೇಕಿಲ್ಲ ಅಂತ ನಮ್ಮ ಸಾಹೇಬರು ಮೀಟಿಂಗಿನಲ್ಲಿ ಅಂದಿದ್ದರು. ನನಗೆ ಅದರ ಜಂಬ ಸಾಕಷ್ಟಿತ್ತು.

ಈ ಮೂರು ವರ್ಷದಲ್ಲಿ ಬಜಾರು ತಿರುಗಿದ ರೀತಿ ನೋಡಿದರೆ ನಿನಗೂ ಬೆರಗಾಗುತ್ತದೆ. ಮೊದಲು ನಾಗಣ್ಣ ಚಿಲ್ಲರೆ ಇಲ್ಲ ಅಂತ ಎಲ್ಲರ ಕೈಗೂ ಚಾಕ್ಲೇಟು ತುರುಕುತ್ತಿದ್ದ. ಈಗ ಎಲ್ಲರೂ ಫೋನು ತೋರಿಸುತ್ತಾರೆ, ಅವನ ಚಾಕ್ಲೇಟು ಡಬ್ಬಿಯಲ್ಲೇ ಮೆತ್ತಗಾಗಿ ಕೂತಿದೆ. ಬಂಗಾರದ ಅಂಗಡಿಯವನು ಬೆಳಗ್ಗೆ ಒಂದು ದರ ಹೇಳಿದರೆ ನಾನು ಬಸ್ಸೇರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ನನ್ನ ಪಟ್ಟಿಯೂ ಈ ವರ್ಷ ಹೊಸದಾಯಿತು. ಯಾವ ಅಂಗಡಿಯಲ್ಲೂ ಸಿಗದ ಕ್ಯಾಸೆಟ್ಟಿನ ಮುಂದೆ ತಿಂಗಳು ತಿಂಗಳೂ ಇಲ್ಲ, ಇಲ್ಲ ಅಂತ ಬರೆದು ಬೇಸತ್ತಿದ್ದೆ, ಅದರಿಂದ ಬಿಡುಗಡೆ ಸಿಕ್ಕಿತು. ಇಷ್ಟೆಲ್ಲ ಬದಲಾದರೂ ಒಂದು ಸಾಲು ಮಾತ್ರ ಅಲುಗಲಿಲ್ಲ. ಅಮ್ಮಿಯ ಅಂಗಡಿಯ ಜಂಪರ್ ಹೊಲಿಗೆ, ಲೈನಿಂಗ್ ಸಹಿತ, ನೂರೈವತ್ತು. ಇದು ಯಾಕೆ ಏರುತ್ತಿಲ್ಲ ಅಂತ ಸಾಹೇಬರು ಒಮ್ಮೆ ಕೇಳಿದಾಗ, ಅದು ಹಳೆಯ ಕಾಲದ ಮನುಷ್ಯಳ ಅಂಗಡಿ ಸರ್, ಅಲ್ಲಿ ದುರಾಸೆ ಇಲ್ಲ ಅಂತ ಹೆಮ್ಮೆಯಿಂದ ಹೇಳಿದ್ದೆ.

ಹೋದ ಗುರುವಾರ ನಿನ್ನ ಮಾತನ್ನೂ ಚೀಲದಲ್ಲಿಟ್ಟುಕೊಂಡೇ ಹೋದೆ. ಮೊದಲು ದರ ಕೇಳುವುದು, ಆಮೇಲೆ ಅಂಗಡಿ ಮುಚ್ಚುವ ಮಾತು ಎತ್ತುವುದು ಅಂತ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಭೀಮರಾಯನಗುಡಿ ಕಡೆಯ ಹಳ್ಳಿಗಳಿಂದ ಬಂದ ಐದಾರು ಹೆಂಗಸರು ಬೆಂಚಿನ ಮೇಲೆ ಕೂತು, ಫೋನಿನಲ್ಲಿ ಕುತ್ತಿಗೆಯ ಡಿಸೈನು ಆರಿಸುತ್ತಿದ್ದರು. ಮೊದಲಾದರೆ ಗಂಡನ ಗಾಡಿ ಯಾವಾಗ ಪೇಟೆಗೆ ಹೊರಡುತ್ತದೋ ಅಂತ ಕಾಯಬೇಕಿತ್ತು. ಈಗ ಹೆಂಗಸರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಸರಕಾರದ ತಿಂಗಳ ಎರಡು ಸಾವಿರ ಅವರ ಹೆಸರಿಗೇ ಬರುತ್ತದೆ, ಮನಸ್ಸು ಬಂದ ದಿನ ಹೊರಡುತ್ತಾರೆ. ಅಮ್ಮಿ ನಡುವೆ ಕೂತು ಕತ್ತರಿ ಹಿಡಿದು ಎಲ್ಲರ ಮೇಲೂ ಜೋರು ಮಾಡುತ್ತಿದ್ದಳು. ಬೇಟಿ, ಬಾ ಕೂಡು ಅಂತ ತನ್ನ ಸ್ಟೂಲನ್ನೇ ನನಗೆ ತಳ್ಳಿದಳು. ನಾನು ಪುಸ್ತಕ ತೆಗೆದು ಎಂದಿನಂತೆ ಲೈನಿಂಗ್ ಜಂಪರ್ ಎಷ್ಟು ಅಂದೆ. ನೂರೈವತ್ತು ಅಂದಳು. ಬರೆದುಕೊಂಡೆ.

ಪೆನ್ನಿನ ಮುಚ್ಚಳ ಹಾಕಿರಲಿಲ್ಲ, ಒಬ್ಬಳು ಹೆಂಗಸು ಹೊಲಿದಿಟ್ಟ ಜಂಪರ್ ಒಂದನ್ನು ಮಡಚಿಕೊಂಡು ಗೋಡೆಯ ಕ್ಯೂಆರ್ ಚೀಟಿಗೆ ಫೋನು ಹಿಡಿದಳು. ನುಜ್ಹತ ಈ ರಂಜಾನಿನಲ್ಲಷ್ಟೇ ತಂದಿಟ್ಟ ಆ ಮಾತಾಡುವ ಪೆಟ್ಟಿಗೆ, ಬೆಂಗಳೂರಿನ ಶುದ್ಧ ಕನ್ನಡದಲ್ಲಿ, ಇಡೀ ಅಂಗಡಿಗೆ ಕೇಳುವಂತೆ, ಮುನ್ನೂರ ಐವತ್ತು ರೂಪಾಯಿ ಬಂದಿದೆ ಅಂತು.

ನಾನು ಆ ಜಂಪರ್ ತೆರೆದು ನೋಡಿದೆ. ಲೈನಿಂಗ್ ಇತ್ತು. ಹೆಚ್ಚಿನ ಕೆಲಸ ಏನೂ ಇರಲಿಲ್ಲ. ಎರಡನೆಯವಳೂ ಕೊಟ್ಟಳು, ಪೆಟ್ಟಿಗೆ ಮತ್ತೆ ಅದನ್ನೇ ಅಂತು. ನುಜ್ಹತ ಬಾಯಿಗೆ ಸೆರಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಅಮ್ಮಿಯ ಮುಖ ನೋಡಿದೆ. ಅವಳಿಗೆ ಒಂದಿಷ್ಟೂ ನಾಚಿಕೆ ಇಲ್ಲ, ತಸ್ಲೀಮಾ.

"ಎಲ್ಲಾರಿಗೂ ಮುನ್ನೂರೈವತ್ತು. ನಿನಗ ನೂರೈವತ್ತು. ಮಗಳ ಕಡಿಂದ ಯಾರರ ಮುನ್ನೂರೈವತ್ತು ತಗೊಂತಾರೇನು?"

"ನಾ ನನ್ನ ಸಲುವಾಗಿ ಕೇಳಾಕತ್ತಿಲ್ಲ ಅಮ್ಮಿ, ಸರಕಾರದ ಸಲುವಾಗಿ ಕೇಳಾಕತ್ತೇನಿ," ಅಂದೆ.

"ಸರಕಾರ ಜಂಪರ್ ಹಾಕ್ಕೊಂತದೇನು?" ಅಂದಳು. "ಕೇಳಿದಾಕಿ ನೀ. ನಿನಗ ಎಷ್ಟಂತ ಹೇಳೇನಿ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಕಡೆಗೆ ನಾನೂ ನಕ್ಕೆ, ಏನು ಮಾಡಲಿ. ನಾಗಣ್ಣನ ಬೇಳೆಯಲ್ಲಿ ಕಳ್ಳತನ ಹಿಡಿಯುವವಳು ನಾನು. ಮೂರು ವರ್ಷ ಇಡೀ ದೇಶದ ಲೆಕ್ಕದಲ್ಲಿ ಗೌಹರಬೇಗಂ ಮಗಳಿಗೆ ಕೊಟ್ಟ ರಿಯಾಯಿತಿಯನ್ನು ಸೇರಿಸಿಬಿಟ್ಟಿದ್ದೇನೆ.

ಅಂಗಡಿಯ ಸಂಗತಿ ಆಮೇಲೆ ನುಜ್ಹತ ಹೇಳಿದಳು. ತಿಂಗಳು ತಿಂಗಳೂ ಬಾಗಿಲಲ್ಲೇ ದರ ಬರೆದುಕೊಂಡು ಬಸ್ಸಿಗೆ ಓಡುವ ನನಗೆ ಇದೊಂದೂ ಕಂಡಿರಲಿಲ್ಲ: ಒಳಕೋಣೆಯಲ್ಲಿ ಈಗ ನಾಲ್ಕು ಮಶಿನ್ನುಗಳಿವೆ, ಇಬ್ಬರು ಹುಡುಗಿಯರು ಸಂಬಳಕ್ಕೆ ಬರುತ್ತಾರೆ. ಅಮ್ಮಿ ಹೊಲಿಯುವುದನ್ನು ಬಿಟ್ಟು ಎರಡು ವರ್ಷವಾಯಿತು, ಅವಳದು ಅಳತೆ ಮತ್ತು ಕತ್ತರಿ ಮಾತ್ರ. ಬಂಗಾರ ಕೈಗೆ ಸಿಗದಷ್ಟು ಮೇಲೆ ಹೋದದ್ದರಿಂದ ಮದುವೆಯವರು ಜಂಪರಿನ ತೋಳಿಗೇ ಜರಿ ಕೆಲಸ ಮಾಡಿಸಿ ಸಮಾಧಾನ ಪಡುತ್ತಾರಂತೆ, ಅದರ ದರ ಕೇಳಿದರೆ ನೀನು ಮಾಸ್ತರಿಕೆ ಬಿಟ್ಟು ಇಲ್ಲಿಗೆ ಬಂದುಬಿಡುತ್ತೀ. ಇದನ್ನೆಲ್ಲ ನಿನಗೆ ಯಾಕೆ ಹೇಳಲಿಲ್ಲ ಅಂತ ಅಮ್ಮಿಯನ್ನು ಕೇಳಿದರೆ, ಆಕಿ ಕೇಳಿದ್ದು ಮೊಣಕಾಲಿಂದು, ಮೊಣಕಾಲಿಂದು ಹೇಳೇನಿ ಅನ್ನುತ್ತಾಳೆ.

ನಿನ್ನ ಮಾತನ್ನೂ ಮುಟ್ಟಿಸಿದೆ, ಮುಚ್ಚಿಡಲಿಲ್ಲ. ಮಶಿನ್ ಮಾರುವ ಸುದ್ದಿ ಕೇಳಿ ಅಮ್ಮಿ ಕತ್ತರಿ ಕೆಳಗಿಟ್ಟಳು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಆಮೇಲೆ ಅಂದಳು:

"ತಸ್ಲೀಮಾಗ ಹೇಳು, ರವಿವಾರಕ್ಕೊಮ್ಮೆ ಹುಣಸಗಿಗೆ ಬರ್ತೀನಿ. ಬಸ್ ಪುಕ್ಕಟ ಅದ. ಮೊಮ್ಮಕ್ಕಳನ್ನ ನೋಡಿ, ಸಂಜೀಕ ಹೊಳ್ಳಿ ಬರ್ತೀನಿ. ಮಶಿನ್ ಮಾತ್ರ ಮುಟ್ಟಬ್ಯಾಡ ಅನ್ನು."

ಅದಕ್ಕೇ ಹೇಳುತ್ತೇನೆ, ಗಿರಾಕಿಗೆ ಬೇಡ ಅಂತ ನಾಳೆಯೇ ತಿಳಿಸಿಬಿಡು. ನಿನ್ನ ತಪ್ಪಲ್ಲ, ನಾನು ಹೇಳಿದ ಸುಳ್ಳು ದರವನ್ನು ನಂಬಿ ಲೆಕ್ಕ ಹಾಕಿದೆ ನೀನು. ಆಫೀಸಿನಲ್ಲೂ ನಾನೇ ಹೋಗಿ ಒಪ್ಪಿಕೊಂಡೆ. ರಾಜೀನಾಮೆ ಕೇಳುತ್ತಾರೆ ಅಂದುಕೊಂಡಿದ್ದೆ. ಸಾಹೇಬರು ಕೇಳಿ ಮುಗಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಸರಿಯಾದ ದರದ ಜೊತೆ ಕಾರಣವನ್ನೂ ಬರೆಯಮ್ಮ ಅಂದರು. ಮುಂದಿನ ತಿಂಗಳಿಂದ ಬೇರೆ ಟೇಲರ್ ಅಂಗಡಿಯನ್ನು ಗೊತ್ತುಮಾಡಿದ್ದಾರೆ. ಅಮ್ಮಿಯ ಅಂಗಡಿ ಪಟ್ಟಿಯಿಂದ ಹೋಯಿತು. ನನ್ನ ಜಂಬವೂ ಅದರ ಜೊತೆಗೆ ಹೋಯಿತು, ಒಳ್ಳೆಯದೇ ಆಯಿತು.

ಗಯಾಸ ಭಾಯಿಗೆ ನನ್ನ ನಮಸ್ಕಾರ ಹೇಳು. ಮಕ್ಕಳು ಪರೀಕ್ಷೆ ಚೆನ್ನಾಗಿ ಬರೆದಿರುತ್ತಾರೆ, ಇಬ್ಬರ ತಲೆಯ ಮೇಲೂ ನನ್ನ ಕೈ ಇದೆ ಅಂತ ತಿಳಿದುಕೋ. ಡಬ್ಬಿಯನ್ನು ಬರಿದೇ ಕಳಿಸಬಾರದು ಅಂತ ಶೇಂಗಾ ಚಟ್ನಿ ತುಂಬಿದ್ದೇನೆ, ಅಮ್ಮಿ ರವಿವಾರ ಬರುವಾಗ ತರುತ್ತಾಳೆ. ನೀವೆಲ್ಲ ತಂಪಾಗಿರಿ.

ನಿನ್ನ
ಬಸವೇಶ್ವರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಒಂದು ಮಾತನ್ನು ಮೇಲೆ ಬರೆಯಲಿಲ್ಲ. ನಾನು ಹೊರಡುವಾಗ ಅಮ್ಮಿ ಬಾಗಿಲ ತನಕ ಬಂದು, ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಎಳೆದರೆ ಹಿಗ್ಗುವ ರೆಡಿಮೇಡ್ ಜಂಪರ್, ಫೋನಿನಲ್ಲಿ ತರಿಸಿದ್ದು. ಮೂರು ವರ್ಷದಿಂದ ನಾನು ತೊಡುವುದು ಅವನ್ನೇ. ಯಾರೂ ಕೇಳದಂತೆ ಮೆಲ್ಲಗೆ ಅಂದಳು: "ನಂದು ದುಬಾರಿ ಆತಂತ ನೀ ಜಂಪರ್ ಹೊಲಿಸವಲ್ಲಿ ಅಂದ್ಕೊಂಡಿದ್ದೆ ಬೇಟಿ. ಅದಕ್ಕ ನಿನಗ ಏರಿಸಲಿಲ್ಲ. ನೂರೈವತ್ತಕ್ಕೂ ನೀ ಬರಲಿಲ್ಲ."

ತಿಂಗಳು ತಪ್ಪದೆ ಹೋಗಿ ದರ ಕೇಳಿದ್ದೇನೆ ತಸ್ಲೀಮಾ, ಒಂದು ಸಲವೂ ಬಟ್ಟೆ ಕೊಟ್ಟಿಲ್ಲ. ಅವಳ ಅಳತೆಯ ಪುಸ್ತಕದಲ್ಲಿ ನನ್ನ ಹೆಸರಿನ ಪುಟ ಇನ್ನೂ ಇದೆ. ಶನಿವಾರ ಜಂಪರಿಗೆ ಖಣದ ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದೇನೆ. ಅವಳು ಹೇಳಿದ ನೂರೈವತ್ತನ್ನೇ ಕೊಡುತ್ತೇನೆ, ನಗದಾಗಿ ಕೈಗಿಡುತ್ತೇನೆ. ಆ ಪೆಟ್ಟಿಗೆಗೆ ಇದು ಗೊತ್ತಾಗುವುದು ಬೇಡ.