ತವರಿಗೆ ಬಂದ ಕಾಳುಗಳು

ನನ್ನ ಮುದ್ದು ತಲೆಹರಟೆ ತಂಗೀ,

ಮೊದಲು ಒಳ್ಳೆಯ ಸುದ್ದಿ. ಬೆಳಿಗ್ಗೆ ನಮ್ಮ ಘಟಕದ ಕೊಳಚೆ ನೀರಿನ ತೊಟ್ಟಿಯಿಂದ ಒಂದು ಗಾಜಿನ ಜಾಡಿ ತುಂಬಿಸಿ ಕಿಟಕಿಯಲ್ಲಿಟ್ಟೆ. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಕಾಳುಗಳೆಲ್ಲ ಸಾಸಿವೆಯ ಹಾಗೆ ತಳ ಸೇರಿದವು. ಮೇಲಿನ ನೀರಿನೊಳಗಿಂದ ಆಚೆ ರಸ್ತೆಯ ಸೈಕಲ್ಲುಗಳು ಕಂಡವು! ಮ್ಯಾನೇಜರ್ ಬಗ್ಗಿ ನೋಡಿ, "ತೊಟ್ಟಿ ಮುಚ್ಚೋ ಮಾತು ಇನ್ನು ಬಿಡಿ" ಎಂದರು. ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಯಿತು ಕಣೇ.

ದೂರದ ಊರಿನ ಕೊಳಚೆ ನೀರಿನ ಘಟಕಕ್ಕೆ ನೀನು ಕೆಲಸಕ್ಕೆ ಹೊರಟ ದಿನ ನೆನಪಿದೆಯೇ? ಕೈಗಡಿಯಾರ ಕೊಡಿಸಲೇ ಎಂದು ಕೇಳಿದರೆ, "ಅದೆಲ್ಲ ಬೇಡ ಅಕ್ಕ, ನಿನ್ನ ತೊಟ್ಟಿಯಿಂದ ಒಂದ್ ಡಬ್ಬಿ ಕಾಳು ಕೊಡು, ಸಾಕು" ಎಂದಿದ್ದೆ ನೀನು. ಹೊಲಸು ತಿಂದು ನೀರನ್ನು ತಿಳಿ ಮಾಡುವ ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿ ಹೀಗೆ ಕಾಳುಗಟ್ಟಲಿ ಎಂದು ನಾವಿಬ್ಬರೂ ಎಷ್ಟು ಕಾದಿದ್ದೆವು! ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ ಕೊಟ್ಟೆ. "ತಂಗಿಗೆ ಬಳುವಳಿ ಅಂತ ಕೆಸರು ಕೊಟ್ಟೋರು ನೀವೊಬ್ರೇ" ಎಂದು ಪಂಪಿನ ಮೇಸ್ತ್ರಿ ನಕ್ಕಿದ್ದ.

ಆಮೇಲೆ ಆ ಬಣ್ಣದ ಕಾರ್ಖಾನೆಯ ಆಮ್ಲ ನಮ್ಮ ತೊಟ್ಟಿಗೆ ನುಗ್ಗಿತು. ನನ್ನ ಕಾಳುಗಳೆಲ್ಲ ಹಿಂಜಿದ ಹತ್ತಿಯಾಗಿ ತೇಲಿಹೋದವು. ಬೇಗ ಸರಿಹೋಗದಿದ್ದರೆ ತೊಟ್ಟಿಯನ್ನೇ ಮುಚ್ಚುವುದೆಂದರು ಮ್ಯಾನೇಜರ್. ನಾನು ಫೋನಿನಲ್ಲಿ ಅತ್ತುಬಿಟ್ಟೆ. ನೀನೋ, ಒಂದು ಸಮಾಧಾನದ ಮಾತೂ ಆಡದೆ ಫೋನಿಟ್ಟೆ. ನನಗೆ ಮೈಯೆಲ್ಲ ಉರಿಯಿತು.

ಮರುದಿನ ನೀನು ಬಸ್ಸಿನಿಂದ ಇಳಿದಾಗ ಕಂಕುಳಲ್ಲಿ ಅದೇ ಡಬ್ಬಿ. ಅದರೊಳಗೆ ಮೀನು ಸಾಕುವವರ ಗಾಳಿ ಪಂಪು ಗುಳುಗುಳು ಎನ್ನುತ್ತಿತ್ತು. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು ಎದ್ದುಹೋದದ್ದರಿಂದ ಕಾಲು ಚಾಚಿಕೊಂಡು ಬಂದೆಯಂತೆ. "ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಂತ ಅಮ್ಮ ಹೇಳ್ತಿದ್ಳಲ್ಲ" ಎಂದು ನನ್ನ ಕೈಗಿತ್ತೆ. ನಾನು ಇಟ್ಟುಕೊಂಡದ್ದೆಲ್ಲ ಸತ್ತಿತ್ತು. ನಿನಗೆ ಕೊಟ್ಟದ್ದು ಬದುಕಿ, ಮಕ್ಕಳು ಮರಿ ಮಾಡಿಕೊಂಡು ತವರಿಗೆ ಬಂದಿತ್ತು.

ಅದನ್ನು ತೊಟ್ಟಿಗೆ ಸುರಿದಾಗ ಮ್ಯಾನೇಜರಿಗೆ ಕರುಣೆ ಉಕ್ಕಿತು. "ಪಾಪ, ಹೊಸದು, ಮೇಲಿನ ನೀರು ಹೊರಗೆ ಬಿಡೋ ಮುಂಚೆ ತಳಕ್ಕೆ ಕೂರೋಕೆ ಜಾಸ್ತಿ ಹೊತ್ತು ಕೊಡಿ" ಎಂದರು. ನನಗೂ ಹೌದೆನಿಸಿತು. ನೀನು ಸೊಂಟಕ್ಕೆ ಕೈಯಿಟ್ಟು, "ಬೇಡವೇ ಬೇಡ. ಬೇಗ ಕೂತಿದ್ದು ಉಳೀಲಿ, ತೇಲೋದು ನೀರಿನ ಜೊತೆ ಹೋಗ್ಲಿ. ಮುದ್ದು ಮಾಡಿದ್ರೆ ಹತ್ತೀನೇ ಉಳಿಯೋದು" ಎಂದು ಸಮಯವನ್ನು ಇನ್ನೂ ಕಡಿಮೆ ಮಾಡಿದೆ. ನೀನು ಹೋದಮೇಲೆ ಎಷ್ಟೋ ದಿನ ತೊಟ್ಟಿ ಬಡಕಲಾಗಿಯೇ ಕಂಡಿತು. ಸಮಯ ಹೆಚ್ಚಿಸುವ ಗುಂಡಿ ತಿರುಗಿಸಲು ಕೈ ಚಾಚುವುದು, ನಿನ್ನ ಬೈಗುಳ ನೆನೆದು ಹಿಂತೆಗೆಯುವುದು, ಇದೇ ಆಗಿತ್ತು ನನ್ನ ಪಾಡು.

ಚಿಕ್ಕವಳೆಂದು ರಸ್ತೆ ದಾಟುವಾಗ ನಿನ್ನ ಕೈ ಹಿಡಿಯುತ್ತಿದ್ದೆ. ಈ ಸಲ ನೀನು ನನ್ನದನ್ನು ಹಿಡಿದೆ. ಎದುರಿಗೆ ಹೇಳಿದರೆ ತಲೆಯ ಮೇಲೆ ಹತ್ತಿ ಕೂರುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಡಬ್ಬಿಯನ್ನು ತೊಳೆದು ಕವುಚಿಟ್ಟಿದ್ದೇನೆ. ಪಾರ್ಸೆಲ್ ಗೀರ್ಸೆಲ್ ಮಾಡುವವಳಲ್ಲ ನಾನು, ನೀನೇ ಬಂದು ಒಯ್ಯಬೇಕು. ಅಮ್ಮನ ಮಾತು ನನಗೂ ನೆನಪಿದೆ, ಖಾಲಿ ಕೊಡುವುದಿಲ್ಲ.

ನಿನ್ನ ತೊಟ್ಟಿ ತುಂಬಿರಲಿ, ನೀನು ನೂರು ಕಾಲ ನಗುತ್ತಿರು.

ನಿನ್ನ,
ಕೆಸರಕ್ಕ